ಸನ್ಯಾಸಿ ಏಡಿ ಹೊಕ್ಕ ಚಿನ್ನದ ಬಟ್ಟಲು

ಸ್ಪೇನಿನ ರಾಜನಿಗೆಂದು ಚಿನ್ನ ಹೇರಿಕೊಂಡು ಹೊರಟಿದ್ದ ಹಡಗೊಂದು ಬಿರುಗಾಳಿಗೆ ಮುಳುಗಿ, ಕಡಲ ತಳದಲ್ಲಿ ಕನಸು ಕಾಣುವಂತೆ ಮಲಗಿತ್ತು. ಖಾಲಿ ಶಂಖವನ್ನೇ ಮನೆ ಮಾಡಿಕೊಂಡಿದ್ದ ಸನ್ಯಾಸಿ ಏಡಿಯೊಂದು, ಮೈ ಬೆಳೆದು ಮನೆ ಬಿಗಿಯಾಯಿತೆಂದು ಅತ್ತ ಬಂತು. ಮರಳಲ್ಲಿ ಹೊರಳಿದ್ದ ಚಿನ್ನದ ಬಟ್ಟಲು ಅದನ್ನು ಕರೆಯಿತು.

"ಒಳಗೆ ಬಾ, ಏಡಿರಾಯ. ಅರಸರ ತುಟಿ ಸೋಕಬೇಕಿದ್ದ ಬಟ್ಟಲು ನಾನು."

ಏಡಿ ಬಟ್ಟಲು ಹೊಕ್ಕಿತು. ಅದು ಬಿಟ್ಟ ಶಂಖಕ್ಕೆ, ದೊಡ್ಡ ಮನೆಗಾಗಿ ಹಿಂದೆ ಸಾಲುಗಟ್ಟಿ ಕಾದಿದ್ದ ಬಳಗದ ಏಡಿಯೊಂದು ನುಗ್ಗಿತು, ಅದರ ಮನೆಗೆ ಇನ್ನೊಂದು. ಆ ಕುಲದ ಪದ್ಧತಿಯೇ ಹಾಗೆ. ಕೊನೆಗೊಂದು ಪುಟ್ಟ ಚಿಪ್ಪು ಮಾತ್ರ ಖಾಲಿ ಉಳಿಯಿತು.

ಹೊಳೆಯುವ ಗೋಡೆಗಳ ನಡುವೆ ಏಡಿಗೆ ತಾನೇ ಅರಸ ಅನ್ನಿಸಿತು. ಅಷ್ಟರಲ್ಲಿ ನೀರಿನ ಸೆಳೆತ ತಿರುಗಿ, ಬಳಗವೆಲ್ಲ ಮೇವಿನ ಕಡೆ ಹೊರಟಿತು. ಏಡಿ ಎಷ್ಟು ಎಳೆದರೂ ಬಟ್ಟಲು ಮಿಸುಕಲಿಲ್ಲ.

"ಹೋಗುವುದೇಕೆ?" ಎಂದಿತು ಬಟ್ಟಲು. "ಹಡಗು ಮುಳುಗುವಾಗಲೂ ಅದರ ಒಡೆಯ ನನ್ನನ್ನು ಎದೆಗವಚಿಕೊಂಡೇ ಇದ್ದ."

"ಆತ ಈಗೆಲ್ಲಿ?"

"ಇಲ್ಲೇ, ನಿನ್ನ ಕಾಲಡಿಯ ಮರಳಲ್ಲಿ."

ಏಡಿ ಬರಿಮೈಯಲ್ಲೇ ಹೊರಬಿದ್ದು, ಆ ಪುಟ್ಟ ಚಿಪ್ಪಿನೊಳಗೆ ಅರ್ಧ ಮೈ ತುರುಕಿಕೊಂಡು ಬಳಗದ ಹಿಂದೆ ಓಡಿತು. ಮನೆ ಇರುಕಾಗಿತ್ತು, ಆದರೆ ಜೊತೆಗೆ ಬರುತ್ತಿತ್ತು.