ಪೀಪಾಯಿಯೊಳಗಿನ ಉಪ್ಪು

“ತಿರುಗಿ ಕೊಡಲು ಏನೂ ಇಲ್ಲದವರು ಪರದೇಶದವರ ಕೈಯಿಂದ ತೆಗೆದುಕೊಳ್ಳಬಹುದೆ, ಗುರುಗಳೆ?”

ಹೀಗೆ ಕೇಳಿದವನು ಒಬ್ಬ ಶಿಷ್ಯ. ಅವನ ಊರು ಮಠದಿಂದ ಎರಡು ದಿನದ ದಾರಿ. ಊರಿನ ಕೆರೆಯ ನೀರು ಕೆಟ್ಟಿತ್ತು. ಅದನ್ನು ಕುಡಿದ ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದವು. ಅವುಗಳಲ್ಲಿ ಈ ಶಿಷ್ಯನ ಅಕ್ಕನ ಮಗಳೂ ಒಬ್ಬಳು. ಕಣಜದಲ್ಲಿ ಕಾಳು ತಳ ಕಂಡಿತ್ತು. ಸಮುದ್ರದ ಆಚೆಯ ದೇಶದವರು ಈ ಸುದ್ದಿ ಕೇಳಿ, ಗಾಡಿಯಲ್ಲಿ ಗೋಧಿಯನ್ನೂ ನೀರು ಸೋಸುವ ದೊಡ್ಡ ಹಂಡೆಗಳನ್ನೂ ಹೇರಿಕೊಂಡು ಬಂದರು. ಊರಿನ ಹಿರಿಯರು ಗಾಡಿಯನ್ನು ಊರಬಾಗಿಲಲ್ಲೇ ನಿಲ್ಲಿಸಿದರು. ನಿಮಗೆ ಮರಳಿ ಕೊಡಲು ನಮ್ಮಲ್ಲಿ ಏನೂ ಇಲ್ಲ, ನಾವು ಭಿಕ್ಷೆಯವರೂ ಅಲ್ಲ ಎಂದು ಹೇಳಿ ಹಿಂದೆ ಕಳಿಸಿದರು. ಬಂದವರು ಸಿಟ್ಟಾಗಲಿಲ್ಲ. ಐದು ದಿನ ಬಿಟ್ಟು ಮತ್ತೆ ಬರುತ್ತೇವೆ, ಯೋಚನೆ ಮಾಡಿ ಎಂದು ಹೋದರು. ಆಗ ಹಿರಿಯರಿಗೂ ಮನಸ್ಸು ತೂಗಾಡಿತು. ಗುರುಗಳು ಹೇಳಿದಂತೆ ನಡೆಯೋಣ ಎಂದು ಇವನನ್ನು ಮಠಕ್ಕೆ ಓಡಿಸಿದರು.

ಹೊರಡುವಾಗ ಅವನ ತಾಯಿ, ಗುರುಗಳ ಹತ್ತಿರ ಬರಿಗೈಲಿ ಹೋಗಬೇಡ ಎಂದು ಒಂದು ಹಿತ್ತಾಳೆ ಡಬ್ಬಿ ಕೊಟ್ಟಿದ್ದಳು. ಅದರಲ್ಲಿ ರಾಗಿ ಹುರಿಹಿಟ್ಟು ಇತ್ತು, ಬೆಲ್ಲ ಬೆರೆಸಿದ್ದು.

ಗುರುಗಳು ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಬಾಯಲ್ಲಿ ಹುರಿಹಿಟ್ಟು ಇಟ್ಟುಕೊಂಡು ಮಾತಾಡಿದರೆ ಎದುರಿಗಿದ್ದವರ ಮುಖವೆಲ್ಲ ಹಿಟ್ಟಾಗುತ್ತದೆ, ನೋಡಿ. ಅದಕ್ಕೆ ನುಂಗುವ ತನಕ ಸುಮ್ಮನಿದ್ದರು. ಆಮೇಲೆ ಈ ಕತೆ ಹೇಳಿದರು.

ಒಂದು ಕುದ್ರು ಇತ್ತು. ಕುದ್ರು ಅಂದರೆ ಹೊಳೆಯ ನಡುವೆ ಎದ್ದ ನೆಲ, ಸುತ್ತಲೂ ನೀರು. ಈ ಕುದ್ರು ಹೊಳೆಯು ಸಮುದ್ರ ಸೇರುವ ಬಾಯಲ್ಲಿತ್ತು. ಅಲ್ಲಿಯವರು ಗದ್ದೆ ಮಾಡಿ ಉಣ್ಣುವವರು. ಒಂದು ವರ್ಷ ಸಮುದ್ರ ಉಕ್ಕಿ ಬಂತು. ಮಣ್ಣಿನ ಏರಿ ಒಡೆಯಿತು. ದೋಣಿಗಳು ಚೂರಾದವು, ತೆಂಗು ಬುಡಸಹಿತ ಮಲಗಿದವು. ಜನ ಗುಡಿಯ ದಿಬ್ಬ ಹತ್ತಿ ಜೀವ ಉಳಿಸಿಕೊಂಡರು. ಇಳಿದು ಬಂದು ನೋಡಿದರೆ ಪೈರು ಬೆಂದ ಹಾಗಿತ್ತು, ಬಾವಿಗಳೆಲ್ಲ ಉಪ್ಪಾಗಿದ್ದವು. ದಿಬ್ಬದ ಮೇಲಿನ ಒಂದು ಬಾವಿಯ ನೀರು ಮಾತ್ರ ಮೂಗು ಮುಚ್ಚಿಕೊಂಡು ಕುಡಿಯುವಷ್ಟಿತ್ತು. ಆಚೆ ದಡದ ಊರುಗಳದ್ದೂ ಅದೇ ಗತಿ. ಯಾರು ಯಾರಿಗೆ ಕೊಟ್ಟಾರು?

ಅಂಥ ಹೊತ್ತಿನಲ್ಲಿ ಒಂದು ಹಡಗು ಬಂತು. ಎಲ್ಲಿಯದೋ ದೇಶದ್ದು. ಹಡಗಿನ ಯಜಮಾನನ ಮಾತು ಇವರಿಗೆ ತಿಳಿಯದು, ಇವರ ಮಾತು ಅವನಿಗೆ ತಿಳಿಯದು. ಆದರೆ ಬಾಯಾರಿಕೆಗೆ ಭಾಷೆ ಬೇಕೆ? ಅವನು ಅಕ್ಕಿ ಮೂಟೆಗಳನ್ನು ಇಳಿಸಿದ. ಮರದ ಪೀಪಾಯಿಗಳಲ್ಲಿ ಸಿಹಿನೀರು ಇಳಿಸಿದ. ಮೂರು ದಿನದ ದಾರಿಯಲ್ಲಿ ಬೆಟ್ಟದ ಬುಡದಲ್ಲೊಂದು ಚಿಲುಮೆ ಇತ್ತು, ಅಲ್ಲಿಂದ ತುಂಬಿಸಿ ತಂದ ನೀರು. ಆಮೇಲೆ ಅವನು ಮರಳಿನ ಮೇಲೆ ಒಂದು ವೃತ್ತ ಬರೆದು, ಇದ್ದಲಿನಿಂದ ಕಪ್ಪು ಬಳಿದ. ಅಮಾವಾಸ್ಯೆ. ಒಂದು ಪೀಪಾಯಿಯನ್ನು ತಲೆಕೆಳಗು ಹಿಡಿದ ಹಾಗೆ ಕೈ ಮಾಡಿ ತೋರಿಸಿದ. ಅಮಾವಾಸ್ಯೆಗೆ ಬರುತ್ತೇನೆ, ಖಾಲಿ ಪೀಪಾಯಿ ಕೊಡಿ, ತುಂಬಿಸಿ ತರುತ್ತೇನೆ ಅಂತ. ಅವನ ಹತ್ತಿರ ಇದ್ದ ಪೀಪಾಯಿಗಳು ಅಷ್ಟೇ. ಎಲ್ಲರಿಗೂ ಅರ್ಥವಾಯಿತು. ಅರ್ಥವಾದದ್ದೇ ಕಷ್ಟಕ್ಕೆ ಬಂತು.

ಆ ಕುದ್ರುವಿನಲ್ಲಿ ಒಂದು ರೂಢಿ. ಅದು ನಿಮ್ಮ ಮನೆಯಲ್ಲೂ ಇರಬಹುದು. ಪರರ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಖಾಲಿ ಹಿಂದೆ ಕೊಡಬಾರದು. ಒಂದು ಅಚ್ಚು ಬೆಲ್ಲ, ಎರಡು ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಒಂದು ಎಸಳು ಕರಿಬೇವು ಆದರೂ ಹಾಕಿ ಕೊಡಬೇಕು. ಖಾಲಿ ಕೊಟ್ಟರೆ ಇನ್ನು ನಿಮಗೂ ನಮಗೂ ಬಳಕೆ ಇಲ್ಲ ಅಂದ ಹಾಗೆ. ಕುದ್ರುವಿನಲ್ಲಿ ಜಗಳ ಆಡಿದವರೇ ಖಾಲಿ ಪಾತ್ರೆ ಕಳಿಸುವುದು.

ಅಮಾವಾಸ್ಯೆ ಬಂತು. ನೀರು ಮುಗಿದಿತ್ತು. ಹಡಗು ಕಾಣಿಸಿತು. ಪೀಪಾಯಿಗೆ ಹಾಕಲು ಯಾರ ಮನೆಯಲ್ಲಿ ಏನಿದೆ? ಬೆಲ್ಲ ನೀರಲ್ಲಿ ಕರಗಿತ್ತು, ಗಿಡಗಳು ಕರಕಲಾಗಿದ್ದವು. ಅವನು ಕೊಟ್ಟ ಅಕ್ಕಿಯನ್ನೇ ಅವನಿಗೆ ಹಾಕಿ ಕೊಡುವುದೆ? ಅದಕ್ಕಿಂತ ನಾಚಿಕೆ ಉಂಟೆ? ಊರಿನ ಗುರಿಕಾರ, ಅಂದರೆ ಹತ್ತು ಜನ ಮಾತು ಕೇಳುವ ಹಿರಿಯ, ಪೀಪಾಯಿಗಳನ್ನೆಲ್ಲ ದನದ ಹಟ್ಟಿಯೊಳಗೆ ಉರುಳಿಸಿ ಮೇಲೆ ಹುಲ್ಲು ಮುಚ್ಚಿಸಿದ. ದಡಕ್ಕೆ ಹೋಗಿ, ನೀರು ಇನ್ನೂ ಇದೆ, ಪೀಪಾಯಿ ಖಾಲಿಯಾಗಿಲ್ಲ ಎಂದು ಕೈಸನ್ನೆ ಮಾಡಿ ನಕ್ಕ. ನಗುವಾಗ ಅವನ ತುಟಿ ಒಡೆದು ರಕ್ತ ಬಂತು. ಅದನ್ನು ಪಂಚೆಯ ಸೆರಗಿನಲ್ಲಿ ಒರೆಸಿಕೊಂಡ.

ಹಡಗಿನ ಯಜಮಾನ ಸ್ವಲ್ಪ ಹೊತ್ತು ನಿಂತು ನೋಡಿದ. ಎಂಟು ಬೆರಳು ತೋರಿಸಿ, ಎಂಟು ದಿನಕ್ಕೆ ಇದೇ ದಾರಿಯಲ್ಲಿ ಬರುತ್ತೇನೆ ಎಂದು ತಿಳಿಸಿ ಹೋದ.

ಆ ಎಂಟು ದಿನ ಊರಿನವರೆಲ್ಲ ದಿಬ್ಬದ ಬಾವಿಯ ಉಪ್ಪುನೀರನ್ನೇ ಕುದಿಸಿ ಕುಡಿದರು. ಕುಡಿದಷ್ಟೂ ದಾಹ. ಅಲ್ಲೊಬ್ಬಳು ಬಾಣಂತಿ ಇದ್ದಳು. ಮಗು ಹುಟ್ಟಿ ಇಪ್ಪತ್ತು ದಿನ. ನಾಲ್ಕನೆಯ ದಿನಕ್ಕೆ ಅವಳ ಎದೆಹಾಲು ಬತ್ತುತ್ತ ಬಂತು. ಆರನೆಯ ದಿನ ಮಗು ಅಳುವುದನ್ನು ಬಿಟ್ಟಿತು. ಅತ್ತರೆ ತಾಯಿಗೆ ಒಂದು ಚಿಂತೆ. ಅಳದಿದ್ದರೆ ಊರಿಗೇ ಚಿಂತೆ.

ಆ ಬಾಣಂತಿಗೆ ಹೆರಿಗೆ ಮಾಡಿಸಿದ್ದು ಒಬ್ಬ ಮುದುಕಿ ಸೂಲಗಿತ್ತಿ. ಅವಳು ಮಗುವಿನ ಬಾಯಿಗೆ ಬೆರಳಿಟ್ಟು ನೋಡಿದಳು. ಬೆರಳು ಒಣಗಿಯೇ ಹೊರಗೆ ಬಂತು. ಮೂಲೆಯ ಮೊರ ಎತ್ತಿಕೊಂಡು ಗದ್ದೆಗೆ ನಡೆದಳು. ಸಮುದ್ರದ ನೀರು ನಿಂತು ಇಂಗಿದ ಗದ್ದೆಯಲ್ಲಿ ಬಿಸಿಲಿಗೆ ಬಿಳಿಯ ಹೆಪ್ಪು ಕಟ್ಟಿತ್ತು. ಅದನ್ನು ಮೊರಕ್ಕೆ ಗೋರಿಕೊಂಡಳು. ಮಣ್ಣು ಕೇರಿದಳು, ಕಲ್ಲು ಆರಿಸಿದಳು. ಕೇದಗೆಯಂಥ ಮುಂಡುಗದ ಉದ್ದ ಎಲೆ ಸೀಳಿ ಪೊಟ್ಟಣ ಕಟ್ಟುತ್ತ ಕುಳಿತಳು, ಒಂದೊಂದು ಪೀಪಾಯಿಗೆ ಒಂದೊಂದು ಪೊಟ್ಟಣ.

ಎಂಟನೆಯ ದಿನ ಹಡಗು ಬಂದಾಗ ಗುರಿಕಾರ ಮತ್ತೆ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಿದ್ದ. ಮುದುಕಿ ಪೊಟ್ಟಣದ ಮೊರ ಹೊತ್ತು ಬಂದಳು.

“ಅಜ್ಜಿ, ಇದು ಉಪ್ಪು. ನಮ್ಮನ್ನು ಕೆಡಿಸಿದ್ದೇ ಇದು. ಇದನ್ನು ಕೊಟ್ಟರೆ ಅವರು ನಗುತ್ತಾರೆ” ಎಂದ ಗುರಿಕಾರ.

“ನಗಲಿ ಮಗಾ. ನಗಲು ಬಾಯಿ ತೆರೀತಾರಲ್ಲ, ಆಗ ಒಂದು ಹರಳು ನಾಲಿಗೆ ಮೇಲೆ ಬಿದ್ದರೆ ಸಾಕು. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೀಬೇಕಂತೆ. ನೆನೆಯೋ ಕೆಲಸ ಇನ್ನು ಅವರದು. ನೀನು ಬಾಗಿಲು ಬಿಡು. ನಿನ್ನ ಹೊಕ್ಕುಳ ಕೊಯ್ದವಳು ನಾನು, ನೀನು ಹುಟ್ಟುವಾಗಲೂ ಹೀಗೇ ಅಡ್ಡ ಬಂದಿದ್ದೆ.”

ಗುರಿಕಾರ ಬಾಗಿಲು ಬಿಟ್ಟ. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಊರಿನಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ನಗೆ ಅದು.

ಪೀಪಾಯಿಗಳು ಉರುಳಿ ದಡಕ್ಕೆ ಬಂದವು. ಹಡಗಿನ ಯಜಮಾನ ಆ ಎಂಟು ದಿನದಲ್ಲಿ ಯಾವುದೋ ಬಂದರಿನಿಂದ ಇವರ ಮಾತು ಅರ್ಧಂಬರ್ಧ ಬಲ್ಲವನೊಬ್ಬನನ್ನು ಕರೆತಂದಿದ್ದ. ಯಜಮಾನ ಮೊದಲ ಪೀಪಾಯಿಯೊಳಗಿದ್ದ ಪೊಟ್ಟಣ ತೆಗೆದು ಬಿಚ್ಚಿದ. ಇದೇನು ಎಂದು ಒಂದು ಹರಳು ನಾಲಿಗೆಗೆ ಇಟ್ಟ. ನಗಲಿಲ್ಲ. ಎರಡನೆಯ ಪೊಟ್ಟಣ ಬಿಚ್ಚಿದ, ಮೂರನೆಯದನ್ನೂ ಬಿಚ್ಚಿದ. ಎಲ್ಲದರಲ್ಲೂ ಉಪ್ಪು. ಹಡಗಿನವರನ್ನು ಕೂಗಿ ಕರೆದ. ಅವರೂ ಒಂದೊಂದು ಹರಳು ಬಾಯಿಗೆ ಹಾಕಿಕೊಂಡರು, ಹಬ್ಬದ ಸಿಹಿ ತಿನ್ನುವ ಹಾಗೆ.

ಆಮೇಲೆ ವಿಷಯ ತಿಳಿಯಿತು. ಅವರ ದೇಶದಲ್ಲಿ ಅಕ್ಕಿಯುಂಟು, ಹಾಲುಂಟು, ಸಮುದ್ರವೂ ಉಂಟು. ಉಪ್ಪು ಒಣಗಿಸುವಷ್ಟು ಬಿಸಿಲಿಲ್ಲ. ಆರು ತಿಂಗಳು ಸೂರ್ಯ ಮೋಡದ ಹಿಂದೆಯೇ. ಉಪ್ಪು ತರುತ್ತಿದ್ದ ದಾರಿಯಲ್ಲಿ ಎರಡು ವರ್ಷದಿಂದ ಯುದ್ಧ. ಬಡವರ ಮನೆಯಲ್ಲಿ ಸಪ್ಪೆ ಗಂಜಿಯೇ. ಆದರೂ ಅವರು ಹಸಿದವರಿಗೆ ಎಂದು ಅಕ್ಕಿ ಕಳಿಸಿದ್ದರು.

ಯಜಮಾನ ಆ ಮಾತು ಬಲ್ಲವನ ಮೂಲಕ ಗುರಿಕಾರನನ್ನು ಕೇಳಿಸಿದ. ಹೋದ ಸಲ ಪೀಪಾಯಿ ಯಾಕೆ ಕೊಡಲಿಲ್ಲ?

ಗುರಿಕಾರ ತಲೆ ತಗ್ಗಿಸಿ, “ಖಾಲಿ ಪಾತ್ರೆ ಹಿಂದೆ ಕೊಡುವ ರೂಢಿ ನಮ್ಮಲ್ಲಿಲ್ಲ ಸ್ವಾಮಿ. ಹಾಕಲು ಏನೂ ಇರಲಿಲ್ಲ” ಎಂದ.

ಅದನ್ನು ಕೇಳಿ ಯಜಮಾನ ಪೀಪಾಯಿಯ ಮೇಲೆ ಕುಳಿತುಬಿಟ್ಟ. “ನಮ್ಮ ನೀರು ನಿಮಗೆ ಒಗ್ಗಲಿಲ್ಲ ಅಂದುಕೊಂಡೆ” ಎಂದು ಹೇಳಿಸಿದ. “ಅದನ್ನು ಮನಸ್ಸಿನಲ್ಲೇ ಮುಚ್ಚಿಟ್ಟುಕೊಂಡು ನಕ್ಕು ಕಳಿಸಿದಿರಿ ಅಂತ ಹಡಗಿನವರಿಗೆಲ್ಲ ಬೇಸರ. ಇದೊಂದು ಸಲ ನೋಡೋಣ, ಆಮೇಲೆ ಈ ದಡಕ್ಕೆ ಬರುವುದು ಬೇಡ ಅಂತ ಮಾತಾಡಿಕೊಂಡು ಬಂದೆವು.”

ಇವರಿಗೆ ಕೊಡಲು ಇಲ್ಲವೆಂದು ನಾಚಿಕೆ. ಅವನಿಗೆ ತಾನು ಕೊಟ್ಟದ್ದು ಹಿಡಿಸಲಿಲ್ಲವೆಂದು ನಾಚಿಕೆ. ಎರಡು ನಾಚಿಕೆಯ ನಡುವೆ ಒಂದು ಮಗು ಹೋಗುವುದರಲ್ಲಿತ್ತು.

ಹೋಗಲಿಲ್ಲ. ಪೀಪಾಯಿ ತುಂಬಿ ಬರಲು ಇನ್ನೂ ಆರು ದಿನ ಬೇಕಲ್ಲ ಎಂದು ಸೂಲಗಿತ್ತಿ ಕೇಳುವ ಮೊದಲೇ, ಯಜಮಾನ ಹಡಗಿನವರಿಗೆಂದು ಇಟ್ಟಿದ್ದ ನೀರಿನಲ್ಲಿ ಅರ್ಧ ಇಳಿಸಿದ. ಅವರು ದಾರಿಯುದ್ದಕ್ಕೂ ಅಳತೆ ಮಾಡಿ ಕುಡಿದುಕೊಂಡು ಹೋದರಂತೆ. ಮೊದಲ ಚೊಂಬು ಬಾಣಂತಿಗೆ. ಅವಳು ನಿಧಾನವಾಗಿ ಕುಡಿದಳು. ಸಂಜೆಗೆ ಇನ್ನೊಂದು ಚೊಂಬು, ಗಂಜಿಯ ಜೊತೆಗೆ. ಮಾರನೆಯ ದಿನ ಬೆಳಗ್ಗೆ ಮಗು ಊರೆಲ್ಲ ಕೇಳುವ ಹಾಗೆ ಕಿರುಚಿ ಅತ್ತಿತು. ಅಷ್ಟು ಕರ್ಕಶ ದನಿ ಆ ಕುದ್ರುವಿನಲ್ಲಿ ಯಾರಿಗೂ ಇರಲಿಲ್ಲ. ಆದರೂ ಜನ ಕೆಲಸ ಬಿಟ್ಟು ಅಂಗಳದಲ್ಲಿ ಕುಳಿತು ಕೇಳಿದರು.

ಆರು ದಿನಕ್ಕೆ ಹಡಗು ತುಂಬಿ ಬಂತು. ಮಳೆಗಾಲದ ತನಕ ತಪ್ಪದೆ ಬಂತು. ಮುಂದಿನ ವರ್ಷ ಆ ದೇಶದಿಂದ ಕೆರೆ ಕಟ್ಟುವವರು ನಾಲ್ಕು ಜನ ಬಂದರು. ದಿಬ್ಬದ ಮೇಲೆ ಜೇಡಿಮಣ್ಣು ಮೆತ್ತಿ, ಮಳೆನೀರು ಇಂಗದೆ ನಿಲ್ಲುವ ಹೊಂಡ ಮಾಡುವುದನ್ನು ಕಲಿಸಿದರು. ಇವರು ಅವರಿಗೆ ಉಪ್ಪಿನ ಮಡಿ, ಅಂದರೆ ಸಮುದ್ರದ ನೀರು ನಿಲ್ಲಿಸಿ ಒಣಗಿಸುವ ಪಾತಿ, ಮಾಡಿ ತೋರಿಸಿದರು. ನಿಮ್ಮಲ್ಲಿ ಬಿಸಿಲಿಲ್ಲ, ಕಲಿತೇನು ಮಾಡುತ್ತೀರಿ ಎಂದು ಸೂಲಗಿತ್ತಿ ಕೇಳಿದಳಂತೆ. ಕಲಿಯಲು ಅಲ್ಲ, ನಮ್ಮ ಗಂಜಿಗೆ ರುಚಿ ಎಲ್ಲಿಂದ ಬಂತು ಅಂತ ಮನೆಯಲ್ಲಿ ಕೇಳುತ್ತಾರೆ, ಹೇಳಬೇಕಲ್ಲ ಎಂದರಂತೆ ಅವರು. ಎರಡು ಮಳೆಗಾಲ ತೊಳೆದ ಮೇಲೆ ಬಾವಿಗಳೂ ಸಿಹಿಯಾದವು. ಆ ಕರ್ಕಶ ದನಿಯ ಮಗು ಬೆಳೆದು, ಈಗ ಉಪ್ಪಿನ ಮಡಿಯಲ್ಲಿ ನಿಂತು ಕೂಗಿದರೆ ಆಚೆ ದಡದವರು ತಿರುಗಿ ನೋಡುತ್ತಾರೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಕತೆಯ ನಡುನಡುವೆ ಒಂದೊಂದು ಚಿಟಿಕೆ ತಿನ್ನುತ್ತ ಬಂದಿದ್ದರು. ಕತೆ ಮುಗಿಯುವಾಗ ಡಬ್ಬಿಯೂ ಮುಗಿದಿತ್ತು.

ಶಿಷ್ಯನ ಮುಖ ಸ್ವಲ್ಪ ಹಗುರವಾಗಿತ್ತು. ಆದರೆ ಅನುಮಾನ ಪೂರ್ತಿ ಹೋಗಿರಲಿಲ್ಲ. ನಮ್ಮದು ಬಯಲುಸೀಮೆ, ಗದ್ದೆಯಲ್ಲಿ ಉಪ್ಪೂ ಹುಟ್ಟುವುದಿಲ್ಲ, ಕೊಡಲು ನಿಜವಾಗಿಯೂ ಏನೂ ಇಲ್ಲ, ಹಿರಿಯರಿಗೆ ಏನು ಹೇಳಲಿ ಎಂದು ಕೇಳಿದ.

ಗುರುಗಳು ಎದ್ದು ಹೋಗಿ ಡಬ್ಬಿಯನ್ನು ತೊಳೆದರು. ಒರೆಸಿದರು. ಒಳಗೆ ನಾಲ್ಕು ಅರಿಸಿನದ ಕೊಂಬು ಹಾಕಿ, ಮುಚ್ಚಳ ಬಿಗಿದು, ಅವನ ಕೈಗೆ ಕೊಟ್ಟರು.

“ಏನೂ ಇಲ್ಲದ ಊರಿನ ಹುರಿಹಿಟ್ಟು ಬಹಳ ರುಚಿಯಾಗಿತ್ತು ಅಂತ ನಿನ್ನ ತಾಯಿಗೆ ಹೇಳು.”

ಶಿಷ್ಯ ಡಬ್ಬಿಯನ್ನು ಹೆಗಲ ಬಟ್ಟೆಯಲ್ಲಿ ಕಟ್ಟಿಕೊಂಡ. ಗಾಡಿ ಮತ್ತೆ ಬರುವ ಮೊದಲೇ ಊರು ಮುಟ್ಟಬೇಕೆಂದು ಆಗಲೇ ದಾರಿ ಹಿಡಿದ.