ಹಿಪ್ಪುನೇರಳೆ ಮರಕ್ಕೆ ಸಿಕ್ಕ ಉಡುಗೊರೆ

ಲೋಕ ಇನ್ನೂ ಹೊಸದಾಗಿತ್ತು ಕಂದಾ, ಮರಕ್ಕೂ ಗಾಳಿಗೂ ಮಾತು ಬರುತ್ತಿತ್ತು. ಆಗ ಹಿಪ್ಪುನೇರಳೆ ಹಣ್ಣು ಹಾಲಿನಷ್ಟು ಬಿಳಿ.

ದೂರದ ಚೀನಾ ದೇಶದಲ್ಲಿ ಯಾರು ಯಾವ ಬಣ್ಣ ಉಡಬೇಕೆಂದು ಅರಸನೇ ಕಟ್ಟಳೆ ಮಾಡಿದ್ದ. ಚಿಕ್ಕ ಅಧಿಕಾರಿಗೆ ಹಸಿರು ನಿಲುವಂಗಿ, ಅವನಿಗಿಂತ ದೊಡ್ಡವನಿಗೆ ಕೆಂಪು, ಎಲ್ಲರಿಗಿಂತ ದೊಡ್ಡವನಿಗೆ ನೇರಳೆ. ಪದವಿ ಇಲ್ಲದವರಿಗೆ ಬಿಳಿಯೇ ಗತಿ.

ಅಲ್ಲಿ ಸುಲಾನ್ ಅಂತ ಒಬ್ಬ ಮುದುಕಿ. ರೇಷ್ಮೆಹುಳ ಸಾಕಿ, ನೂಲು ತೆಗೆದು, ಬಣ್ಣ ಹಾಕಿ ಅಧಿಕಾರಿಗಳಿಗೆ ಕೊಡುವವಳು. ಅವಳ ಅಂಗಳದಲ್ಲಿ ಇದ್ದದ್ದು ಒಂದೇ ಹಿಪ್ಪುನೇರಳೆ ಮರ. ಆ ವರ್ಷ ಹುಳಗಳಿಗೆ ಏನು ಹಸಿವು ಅಂತೀಯ! ತಿಂದಷ್ಟೂ ಬೇಕು, ತಿಂದಷ್ಟೂ ಬೇಕು. ಮರ ಕೊಟ್ಟಿತು, ಇನ್ನೂ ಕೊಟ್ಟಿತು. ಕೊನೆಗೆ ಒಂದೆಲೆಯೂ ಉಳಿಯದೆ, ಬರೀ ಬಿಳಿ ಹಣ್ಣು ಹೊತ್ತು ನಿಂತಿತು.

"ಚಳಿಯಾಗುತ್ತಾ ತಾಯಿ?" ಅಂದಳು ಸುಲಾನ್.

"ಆಗುತ್ತೆ. ಇರಲಿ ಬಿಡು, ಹುಳಗಳ ಹೊಟ್ಟೆ ತುಂಬಿತಲ್ಲ," ಅಂತು ಮರ.

ಸುಲಾನ್ ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಊರಿಗೆಲ್ಲ ಬಟ್ಟೆ ಕೊಟ್ಟ ಈ ತಾಯಿ ಹೀಗೆ ಬೋಳಾಗಿ ನಿಲ್ಲೋದಾ? ಬಣ್ಣದ ಹಂಡೆಗಳಲ್ಲಿ ಉಳಿದ ನೀರನ್ನೆಲ್ಲ ತಂದು ಬುಡಕ್ಕೆ ಸುರಿದಳು. ಮೊದಲು ಹಸಿರು, ಆಮೇಲೆ ಕೆಂಪು, ಆಮೇಲೆ ನೇರಳೆ. ಕಟ್ಟಳೆ ಅವಳಿಗೆ ಮರೆತೇ ಹೋಗಿತ್ತು.

ಹಣ್ಣುಗಳು ಹಸಿರಾದವು, ಕೆಂಪಾದವು, ನೇರಳೆಯಾದವು. ಸುದ್ದಿ ತಿಳಿದು ಹಸಿರು ನಿಲುವಂಗಿಯ ಅಧಿಕಾರಿಯೊಬ್ಬ ಕೊಡಲಿ ಹಿಡಿದು ಬಂದ.

"ಏ ಮುದುಕಿ! ಮರಕ್ಕೆ ನೇರಳೆ ಬಣ್ಣವಾ? ನನಗೇ ಇನ್ನೂ ಕೆಂಪು ಸಿಕ್ಕಿಲ್ಲ! ಕಡಿದು ಹಾಕ್ತೀನಿ ಇದನ್ನ!"

ಸುಲಾನ್ ಮರವನ್ನು ತಬ್ಬಿಕೊಂಡಳು. "ಬಣ್ಣ ಕೊಟ್ಟವಳು ನಾನು ಸ್ವಾಮಿ. ಶಿಕ್ಷೆ ನನಗೆ ಕೊಡಿ. ಇವಳನ್ನು ಮುಟ್ಟಬೇಡಿ."

"ತಾಳು, ನಿಜವಾದ ಬಣ್ಣವೋ ಸುಳ್ಳೋ ನೋಡ್ತೀನಿ." ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ಆಹಾ, ಎಂಥ ಸಿಹಿ! ಇನ್ನೊಂದು ಹಾಕಿಕೊಂಡ. ಆಮೇಲೆ ಹಿಡಿ ಹಿಡಿಯಾಗಿ ತಿಂದ.

ಗಾಳಿ ಕಿಸಕ್ಕನೆ ನಕ್ಕಿತು. "ಸ್ವಾಮಿ, ನಿಮಗೆ ಬಡ್ತಿ ಯಾವಾಗ ಸಿಕ್ಕಿತು?"

ಅಧಿಕಾರಿ ಅಂಗಳದ ನೀರಿನ ತೊಟ್ಟಿಯಲ್ಲಿ ಇಣುಕಿದ. ತುಟಿ ನೇರಳೆ, ನಾಲಿಗೆ ನೇರಳೆ. ಒರೆಸಿಕೊಂಡರೆ ನಿಲುವಂಗಿಯ ತೋಳೂ ನೇರಳೆ! ಈಗ ಯಾರನ್ನು ಶಿಕ್ಷಿಸೋದು?

ಸುಲಾನ್ ನಗಲಿಲ್ಲ. ನೀರು ತಂದು ಅವನ ತೋಳನ್ನು ಮೆಲ್ಲಗೆ ತೊಳೆದಳು. "ಈ ರೇಷ್ಮೆಯೂ ಇವಳ ಎಲೆಯಿಂದಲೇ ಬಂದದ್ದು ಸ್ವಾಮಿ."

ಅಧಿಕಾರಿ ತನ್ನ ನಿಲುವಂಗಿಯನ್ನು ಮುಟ್ಟಿ ನೋಡಿಕೊಂಡ. ಕೊಡಲಿ ಕೆಳಗಿಟ್ಟು, ಕೈ ಜೋಡಿಸಿ, ಮರಕ್ಕೆ ತಲೆಬಾಗಿದ. "ಉಟ್ಕೋ ತಾಯಿ. ನಿನ್ನ ಋಣ ನನ್ನ ಮೈಮೇಲೇ ಇದೆ."

ಅದಕ್ಕೇ ಕಂದಾ, ಇವತ್ತಿಗೂ ಹಿಪ್ಪುನೇರಳೆ ಹಣ್ಣು ಮೊದಲು ಹಸಿರು ಉಟ್ಟು, ಆಮೇಲೆ ಕೆಂಪು ಉಟ್ಟು, ಕೊನೆಗೆ ನೇರಳೆ ಉಡುತ್ತೆ. ತಿಂದ ನಿನ್ನ ನಾಲಿಗೆಗೂ ಒಂದಿಷ್ಟು ಬಣ್ಣ ಹಂಚುತ್ತೆ.