ದೀಪ ಹಚ್ಚಿದಷ್ಟೂ ಕತ್ತಲಾದ ಊರು

ಒಂದು ಊರಿದೆ. ಅಲ್ಲಿ ಇನ್ನೂರು ವರ್ಷದಿಂದ ಸಂಜೆ. ದೀಪ ಹಚ್ಚಿದಷ್ಟೂ ಕತ್ತಲು ಹೆಚ್ಚುತ್ತದೆ. ಯಾವ ಊರು, ಹೇಳಿ ನೋಡೋಣ.

ಸೋತಿರಿ ತಾನೇ? ಜಟ್ಟಿಗೂ ಗೊತ್ತಿರಲಿಲ್ಲ, ದಿನಾ ಅದಕ್ಕೆ ಆರತಿ ಎತ್ತುತ್ತಿದ್ದವನು ಅವನೇ ಆದರೂ.

ಹೊಳೆ ಕಡಲು ಸೇರುವಲ್ಲಿ ಶಂಭುಲಿಂಗ ಗುರುಗಳ ಆಶ್ರಮ. ಜಟ್ಟಿ ಅಲ್ಲಿನ ಶಿಷ್ಯ. ಗೋಡೆಯ ಮೇಲೆ ದೇವರ ಪಟಗಳ ಸಾಲು. ಸಾಲಿನ ಕೊನೆಗೆ, ಯಾವನೋ ಪರದೇಶದ ಚಿತ್ರಕಾರ ಹಿಂದೆಂದೋ ಬರೆದ, ಯಾವುದೋ ಕಡಲತಡಿಯ ಊರಿನ ಚಿತ್ರ, ಗಾಜು ಹಾಕಿಸಿದ್ದು. ಗೋಡೆಯ ಮೇಲಿದ್ದದ್ದಕ್ಕೆಲ್ಲ ಆರತಿ ಆಗಬೇಕು, ಅದು ಅಲ್ಲಿನ ಪದ್ಧತಿ. ಆ ಊರಿಗೂ ಆಗುತ್ತಿತ್ತು.

ಚಿತ್ರದ ತುಂಬ ಕಪ್ಪು ಮೋಡ.

“ಪ್ರಳಯ. ಕೈ ಮುಗೀರಿ,” ಎನ್ನುತ್ತಿದ್ದ ಜಟ್ಟಿ, ಬಂದವರಿಗೆ. ಅವರು ಮುಗಿಯುತ್ತಿದ್ದರು. ಇವನು ಅಡುಗೆಮನೆಗೆ ಓಡಿ ಹೊಟ್ಟೆ ಹಿಡಿದು ನಗುತ್ತಿದ್ದ.

ಅವತ್ತು ನಗಲಿಲ್ಲ. ಅವ್ವನಿಂದ ಸುದ್ದಿ ಬಂದಿತ್ತು. ಅಣ್ಣ ಹೊನ್ನಪ್ಪ ದೋಣಿ ತಗೊಂಡು ಹೋದವನು ತಿಂಗಳುಗಟ್ಟಲೆ ಆದರೂ ಬಂದಿರಲಿಲ್ಲ. ಅವ್ವ ಅವನ ತಟ್ಟೆಗೆ ಇನ್ನೂ ಗಂಜಿ ಬಡಿಸುತ್ತಿದ್ದಳು. ‘ಗುರುಗಳನ್ನ ಕೇಳು ಮಗಾ. ಕಾಯಲೋ, ಎಳ್ಳುನೀರು ಬಿಡಿಸಲೋ.’

“ಏನು ಹೇಳಲಿ ಗುರುಗಳೇ?”

“ಆ ಕೊನೆಯ ಪಟದಲ್ಲಿ ಏನಿದೆ?”

“ಬಿರುಗಾಳಿ. ನಾನು ಕೇಳಿದ್ದು ಅಣ್ಣನ ವಿಷಯ.”

“ಗಾಜು ಒರೆಸು.”

“ಅಣ್ಣ ಹೋದ, ನಾನು ಗಾಜು ಒರೆಸಬೇಕು. ಆಯ್ತು ಬಿಡಿ.”

ಒದ್ದೆ ಬಟ್ಟೆ ತಂದು ಉಜ್ಜಿದ. ಬಿರುಗಾಳಿ ಬಟ್ಟೆಗೆ ಹತ್ತಿಕೊಂಡು ಬಂತು. ಅಷ್ಟೂ ದೀಪದ ಮಸಿ.

ಕೆಳಗಿದ್ದದ್ದು ಬಂಗಾರದ ಆಕಾಶ. ಹಡಗುಗಳ ಕಂಬಗಳ ನಡುವೆ ಸೂರ್ಯ ಇಳಿಯುತ್ತಿದ್ದ. ಗೋಪುರಗಳು ಕೆಂಪೇರಿದ್ದವು. ನೀರು ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆ. ದಡದಲ್ಲಿ ಇರುವೆಯಷ್ಟು ಸಣ್ಣ ಜನ, ಎಲ್ಲರ ಮುಖವೂ ಸೂರ್ಯನ ಕಡೆ.

ಜಟ್ಟಿ ಬಟ್ಟೆ ಹಿಡಿದು ನಿಂತೇಬಿಟ್ಟ.

“ಎಷ್ಟು ಚೆಂದ ಇದೆ,” ಎಂದ.

“ಪೂರ್ತಿ ಒರೆಸು.”

ಕೆಳಗಿನ ಮೂಲೆ ಒರೆಸಿದ. ಅಲ್ಲೊಂದು ದೋಣಿ ಮಗುಚಿ ಬಿದ್ದಿತ್ತು. ಪಕ್ಕದಲ್ಲಿ, ನೀರಿನ ಮೇಲೆ, ಅಕ್ಕಿಕಾಳಿನಷ್ಟು ಒಂದು ಕೈ.

ಜಟ್ಟಿ ಬಟ್ಟೆ ಕೆಳಗಿಟ್ಟು ಪಟದ ಮುಂದೆ ಕೂತ.

“ಅಣ್ಣ ಹೋದ ದಿನವೂ ಹೀಗೇ. ಗಾಳಿಯೇ ಇರಲಿಲ್ಲ.”

ಜಟ್ಟಿಯ ಕಣ್ಣು ದಡದ ಕಡೆ ಹೋಯಿತು.

“ದಡದಲ್ಲಿ ಇಷ್ಟು ಜನ ಇದ್ದಾರೆ. ಒಬ್ಬನಾದರೂ ಇತ್ತ ನೋಡಬಾರದಾ?”

“ಸಂಜೆ ಅಷ್ಟು ಚೆಂದ ಇತ್ತು. ನೀನೂ ಮೊದಲು ಅದನ್ನೇ ನೋಡಿದೆ.”

ಜಟ್ಟಿ ನೀರಿನ ಮೇಲಿನ ಕೈ ತೋರಿಸಿ ಕೇಳಿದ, “ಇವನು ಉಳಿದನಾ?”

“ಮುಳುಗಿದ. ಕತ್ತಲಾಗುವ ಮೊದಲೇ. ಅವನ ಅವ್ವ ಬಹಳ ದಿನ ಕಾದಳು. ಆಮೇಲೆ ಒಂದು ದಿನ ಅವನ ತಟ್ಟೆ ತೊಳೆದು ಕವುಚಿಟ್ಟಳು.”

ಜಟ್ಟಿ ಸದ್ದಿಲ್ಲದೆ ಅತ್ತ. ಎದ್ದು ಅಡುಗೆಮನೆಗೆ ಹೋಗಿ ಟವೆಲಿನ ತುದಿಗೆ ಕರಿ ಎಳ್ಳು ಕಟ್ಟಿಕೊಂಡ. ಹೊಸ್ತಿಲು ದಾಟಿದವನು ತಿರುಗಿ ನಿಂತ.

“ಗುರುಗಳೇ, ಆ ಊರಿನ ಹೆಸರೇ ನಿಮಗೆ ಗೊತ್ತಿಲ್ಲ. ಅವನ ಅವ್ವ ತಟ್ಟೆ ತೊಳೆದದ್ದು ಹೇಗೆ ಗೊತ್ತಾಯ್ತು?”

“ಕಥೆಯ ಕೊನೆ ನಾನೇ ಕಟ್ಟಿದ್ದು,” ಎಂದರು ಗುರುಗಳು. “ಪಟದಲ್ಲಿ ಇನ್ನೂರು ವರ್ಷದಿಂದ ಅವನು ಕೈ ಎತ್ತಿಕೊಂಡೇ ಇದ್ದಾನೆ.”